ಆಕಾಶದ ತಕ್ಕಡಿ, ಪಾತಾಳದ ಲೆಕ್ಕ

ನೆಲದ ಮೇಲಿನ ನೀರಿಗೆ ಲೆಕ್ಕವಿದೆ. ಅಣೆಕಟ್ಟಿನ ಗೋಡೆಯ ಮೇಲೆ ಅಡಿಗಳ ಗುರುತು ಹಾಕಿರುತ್ತಾರೆ. ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂಬುದನ್ನು ಮಳೆಗಾಲದ ಉದ್ದಕ್ಕೂ ಪತ್ರಿಕೆಗಳು ಪ್ರತಿದಿನ ಅಚ್ಚು ಹಾಕುತ್ತವೆ. ಕೆರೆ ಕೋಡಿ ಬಿದ್ದರೆ ಊರಿಗೆ ಊರೇ ಹೋಗಿ ಬಾಗಿನ ಅರ್ಪಿಸುತ್ತದೆ. ಆದರೆ ನೆಲದೊಳಗಿನ ನೀರಿಗೆ ಗುರುತಿನ ಗೋಡೆಯಿಲ್ಲ. ಅದು ತುಂಬಿದಾಗ ಬಾಗಿನ ಕೊಡುವವರಿಲ್ಲ, ಬತ್ತಿದಾಗ ಅಳುವವನು ಆ ಬಾವಿಯ ಒಡೆಯನೊಬ್ಬನೇ. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ತಿರುಗಿ ‘ಇಲ್ಲಿ ಕೊರೆಯಿರಿ’ ಎಂದು ಹೇಳುವವನ ಮಾತು ನಂಬಿ, ಹೆಂಡತಿಯ ಮೈಮೇಲಿನ ಒಡವೆ ಅಡವಿಟ್ಟು ಕೊಳವೆ ಬಾವಿ ತೋಡಿಸಿದ ರೈತ, ಬರಿಯ ಕಲ್ಲಿನ ಪುಡಿ ಮೇಲೆ ಬಂದಾಗ ತನ್ನ ಹಣೆಬರಹವನ್ನು ಹಳಿದುಕೊಳ್ಳುತ್ತಾನೆ.

ಅದು ಹಣೆಬರಹವಲ್ಲ ಎಂಬುದನ್ನು ಈಗ ಆಕಾಶದಿಂದಲೇ ಅಳೆದು ತೋರಿಸುವ ಕಾಲ ಬಂದಿದೆ. ಕಣ್ಣಿಗೆ ಕಾಣದ ಪಾತಾಳದ ನೀರನ್ನು ಮನುಷ್ಯನು ಕೃತಕ ಉಪಗ್ರಹಗಳ ಮೂಲಕ ತೂಗಲು ಕಲಿತಿದ್ದಾನೆ. ಇದು ವಿಜ್ಞಾನದ ಒಂದು ದೊಡ್ಡ ಸಾಧನೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಯಾವ ಸಾಧನೆಯನ್ನಾದರೂ ನಾವು ಎರಡು ಪ್ರಶ್ನೆ ಕೇಳಿಯೇ ಸ್ವಾಗತಿಸಬೇಕು: ಇದು ಏನನ್ನು ತಿಳಿಸುತ್ತದೆ? ಇದರಿಂದ ಯಾರಿಗೆ ಏನಾಗುತ್ತದೆ? ಈ ವಾರ ಆ ಎರಡು ಪ್ರಶ್ನೆಗಳನ್ನು ಓದುಗ ಮಿತ್ರರ ಮುಂದೆ ಇಡಲು ಬಯಸುತ್ತೇವೆ.

ತೂಗುವ ಬಗೆ

2002ನೆಯ ಇಸವಿ ಮಾರ್ಚ್ 17ರಂದು ರಷ್ಯಾದ ಪ್ಲೆಸೆಟ್ಸ್ಕ್ ಉಡಾವಣಾ ಕೇಂದ್ರದಿಂದ ಎರಡು ಅವಳಿ ಉಪಗ್ರಹಗಳು ಮೇಲೇರಿದವು. ಅವುಗಳ ಹೆಸರು ‘ಗ್ರೇಸ್’. ಅಮೆರಿಕದ ನಾಸಾ ಸಂಸ್ಥೆ ಮತ್ತು ಜರ್ಮನಿಯ ಅಂತರಿಕ್ಷ ಕೇಂದ್ರ ಕೂಡಿ ಮಾಡಿದ ಕೆಲಸ ಅದು. ಅವನ್ನು ಹೊತ್ತೊಯ್ದ ರಾಕೆಟ್ಟು, ಹಿಂದೆ ಅಣುಬಾಂಬು ಹೊರಲೆಂದು ಸೋವಿಯೆತ್ ಸರಕಾರ ತಯಾರಿಸಿದ್ದ ಕ್ಷಿಪಣಿಯ ಮಾರ್ಪಾಡು. ಊರುಗಳನ್ನು ಸುಡಲು ಹುಟ್ಟಿದ ಯಂತ್ರವು ಊರುಗಳ ನೀರನ್ನು ತೂಗಲು ಹೋಯಿತು. ಮನುಷ್ಯನ ಬುದ್ಧಿ ಯಾವ ಕಡೆಗೆ ಬೇಕಾದರೂ ತಿರುಗಬಲ್ಲದು, ಅದನ್ನು ತಿರುಗಿಸುವ ಇಚ್ಛೆ ಬೇಕು ಎಂಬುದಕ್ಕೆ ಇದೇ ಸಾಕ್ಷಿ.

ಈ ಎರಡು ಉಪಗ್ರಹಗಳು ಭೂಮಿಯಿಂದ ಸುಮಾರು 500 ಕಿಲೋಮೀಟರು ಎತ್ತರದಲ್ಲಿ, ಒಂದರ ಹಿಂದೆ ಒಂದರಂತೆ, ನಡುವೆ ಸುಮಾರು 220 ಕಿಲೋಮೀಟರು ಅಂತರವಿಟ್ಟುಕೊಂಡು ಭೂಮಿಯನ್ನು ಸುತ್ತಿದವು. ಇವು ಚಿತ್ರ ತೆಗೆಯುವ ಉಪಗ್ರಹಗಳಲ್ಲ. ಇವುಗಳ ಕೆಲಸ ಒಂದೇ, ತಮ್ಮಿಬ್ಬರ ನಡುವಿನ ಅಂತರವನ್ನು ಸದಾ ಅಳೆಯುತ್ತಿರುವುದು. ವಸ್ತುವಿನ ರಾಶಿ ಹೆಚ್ಚಿದ್ದಲ್ಲಿ ಗುರುತ್ವಾಕರ್ಷಣೆ ಹೆಚ್ಚು ಎಂಬುದು ಶಾಲೆಯ ಪಾಠ. ಭಾರವಾದ ಪ್ರದೇಶವೊಂದು ಎದುರಾದಾಗ ಮುಂದಿನ ಉಪಗ್ರಹವನ್ನು ಆ ಭಾರವು ಮೊದಲು ಸೆಳೆಯುತ್ತದೆ, ಅಂತರ ತುಸು ಹೆಚ್ಚುತ್ತದೆ. ಅದು ದಾಟಿ ಮುಂದೆ ಹೋದಾಗ ಹಿಂದಕ್ಕೆ ಜಗ್ಗುತ್ತದೆ, ಹಿಂದಿನದನ್ನು ಮುಂದಕ್ಕೆ ಎಳೆಯುತ್ತದೆ, ಅಂತರ ಕುಗ್ಗುತ್ತದೆ. ಈ ಹೆಚ್ಚು ಕಡಿಮೆ ಎಷ್ಟು ಸಣ್ಣದೆಂದರೆ ತಲೆಗೂದಲಿನ ದಪ್ಪಕ್ಕಿಂತಲೂ ಬಹಳ ಕಡಿಮೆ. ಅದನ್ನು ಸೂಕ್ಷ್ಮ ರೇಡಿಯೋ ತರಂಗಗಳಿಂದ ಅಳೆದರು.

ಬೆಟ್ಟಗುಡ್ಡಗಳು ತಿಂಗಳಿಂದ ತಿಂಗಳಿಗೆ ಜಾಗ ಬದಲಾಯಿಸುವುದಿಲ್ಲ. ನೆಲದ ಮೇಲೆ ತಿಂಗಳಿಂದ ತಿಂಗಳಿಗೆ ಭಾರ ಬದಲಾಯಿಸುವ ಮುಖ್ಯ ವಸ್ತು ನೀರು. ಮುಂಗಾರು ಸುರಿದಾಗ ನಾಡು ಭಾರವಾಗುತ್ತದೆ, ಬೇಸಿಗೆಯಲ್ಲಿ ಹಗುರಾಗುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಇಡೀ ಭೂಮಿಯನ್ನು ತೂಗಿದರೆ, ಯಾವ ಪ್ರದೇಶದಲ್ಲಿ ಎಷ್ಟು ನೀರು ಸೇರಿತು, ಎಷ್ಟು ಹೋಯಿತು ಎಂಬುದು ತಿಳಿಯುತ್ತದೆ. ಆ ತೂಕದಲ್ಲಿ ಹೊಳೆ, ಕೆರೆ, ಹಿಮ, ಮಣ್ಣಿನ ತೇವ, ನೆಲದಾಳದ ನೀರು ಎಲ್ಲವೂ ಕೂಡಿಯೇ ಇರುತ್ತದೆ. ಸಂತೆಗೆ ಬಂದ ಬಂಡಿಯನ್ನು ಸರಕಿನೊಡನೆ ತೂಗಿ, ಬರಿಯ ಬಂಡಿಯ ತೂಕವನ್ನು ಕಳೆದು ಸರಕಿನ ತೂಕ ಹೇಳುವಂತೆ, ಮಣ್ಣಿನ ತೇವ ಮೊದಲಾದವನ್ನು ಬೇರೆ ಅಳತೆಗಳಿಂದಲೂ ಗಣಿತದಿಂದಲೂ ಕಂಡುಹಿಡಿದು ಒಟ್ಟು ತೂಕದಿಂದ ಕಳೆಯುತ್ತಾರೆ. ಉಳಿದದ್ದು ಅಂತರ್ಜಲದ ಏರಿಳಿತ. ಮೊದಲ ಜೋಡಿ 2017ರ ಅಕ್ಟೋಬರದವರೆಗೆ ಕೆಲಸ ಮಾಡಿತು. 2018ರ ಮೇ 22ರಂದು ಅದೇ ಬಗೆಯ ಇನ್ನೊಂದು ಜೋಡಿಯನ್ನು ಮೇಲಕ್ಕೆ ಕಳುಹಿಸಲಾಯಿತು.

ವಾಯುವ್ಯದ ಲೆಕ್ಕ

ಈ ತಕ್ಕಡಿಯು ಜಗತ್ತಿಗೆ ತೋರಿಸಿದ ಮೊದಲ ದೊಡ್ಡ ನಷ್ಟಗಳಲ್ಲಿ ಒಂದು ನಮ್ಮ ದೇಶದ್ದೇ ಎಂಬುದನ್ನು ನಾವು ಮರೆಯಲಾಗದು. 2009ರಲ್ಲಿ ಮ್ಯಾಥ್ಯೂ ರೊಡೆಲ್, ಇಸಬೆಲ್ಲಾ ವೆಲಿಕೋನ್ಯಾ, ಜೇಮ್ಸ್ ಫ್ಯಾಮಿಲ್ಯೆಟ್ಟಿ ಎಂಬ ಮೂವರು ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಪಂಜಾಬ್, ಹರಿಯಾಣಾ, ರಾಜಸ್ಥಾನ ಹಾಗೂ ದಿಲ್ಲಿ ಸೇರಿದ ಪ್ರದೇಶದಲ್ಲಿ 2002ರ ಆಗಸ್ಟಿನಿಂದ 2008ರ ಅಕ್ಟೋಬರದವರೆಗೆ ನೆಲದೊಳಗಿಂದ 109 ಘನ ಕಿಲೋಮೀಟರು ನೀರು ಮರಳಿ ತುಂಬದಂತೆ ಖಾಲಿಯಾಗಿದೆ ಎಂಬುದು ಅವರ ಲೆಕ್ಕ. ವರ್ಷಕ್ಕೆ 17.7 ಘನ ಕಿಲೋಮೀಟರು. ಈ ಅಂಕಿಯಲ್ಲಿ 4.5ರಷ್ಟು ಹೆಚ್ಚು ಕಡಿಮೆ ಇರಬಹುದೆಂದೂ ಅವರೇ ಹೇಳಿದ್ದಾರೆ. ತಮ್ಮ ಲೆಕ್ಕದಲ್ಲಿ ಎಷ್ಟು ತಪ್ಪಿರಬಹುದೆಂದು ತಾವೇ ಬರೆದಿಡುವ ಈ ಪ್ರಾಮಾಣಿಕತೆಯನ್ನು ನಮ್ಮ ಸಚಿವರುಗಳ ಭಾಷಣಗಳಲ್ಲಿ ಒಂದು ದಿನವಾದರೂ ಕಾಣುವ ಆಸೆ ನಮಗಿದೆ.

ಘನ ಕಿಲೋಮೀಟರು ಎಂದರೆ ನಮ್ಮ ಜನಕ್ಕೆ ಅಂದಾಜಾಗದು. ನಮಗೆ ಗೊತ್ತಿರುವ ಅಳತೆ ಟಿಎಂಸಿ. ಒಂದು ಘನ ಕಿಲೋಮೀಟರಿಗೆ 35 ಟಿಎಂಸಿಗೂ ಸ್ವಲ್ಪ ಹೆಚ್ಚು. ಹಾಗಾದರೆ 109 ಘನ ಕಿಲೋಮೀಟರು ಎಂದರೆ ಸುಮಾರು 3,850 ಟಿಎಂಸಿ. ಕನ್ನಂಬಾಡಿ ಕಟ್ಟೆ ತುಂಬಿದಾಗ ಹಿಡಿಯುವುದು ಸುಮಾರು 49 ಟಿಎಂಸಿ. ಅಂದರೆ ತುಂಬಿದ ಕನ್ನಂಬಾಡಿಗಳು ಎಪ್ಪತ್ತೆಂಟು, ಆರು ವರ್ಷಗಳಲ್ಲಿ ನೆಲದಡಿಯಿಂದ ಮಾಯವಾದಂತೆ. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕಾವೇರಿಯಲ್ಲಿ ಕರ್ನಾಟಕಕ್ಕೆ ಹಂಚಿಕೊಟ್ಟ ನೀರು ವರ್ಷಕ್ಕೆ 284.75 ಟಿಎಂಸಿ. ಅದಕ್ಕಾಗಿ ಎರಡು ರಾಜ್ಯಗಳು ಒಂದು ಶತಮಾನಕ್ಕೂ ಮಿಗಿಲಾಗಿ ಜಗಳವಾಡಿದವು, ಬಸ್ಸುಗಳು ಸುಟ್ಟವು, ಜನ ಸತ್ತರು. ಅದರ ಎರಡು ಪಟ್ಟಿಗೂ ಮಿಗಿಲಾದ ನೀರು ಆ ರಾಜ್ಯಗಳಲ್ಲಿ ಪ್ರತಿ ವರ್ಷ ಸದ್ದಿಲ್ಲದೆ ಬರಿದಾಗುತ್ತಿದ್ದಾಗ ಒಂದು ಮೆರವಣಿಗೆಯೂ ಹೊರಡಲಿಲ್ಲ, ಒಂದು ನ್ಯಾಯಮಂಡಲಿಯೂ ಕೂಡಲಿಲ್ಲ. ಗಮನಿಸಬೇಕಾದ ಮಾತೆಂದರೆ ಆ ವರ್ಷಗಳಲ್ಲಿ ಆ ಪ್ರದೇಶದ ಮಳೆ ಹೆಚ್ಚು ಕಡಿಮೆ ಸರಾಸರಿಯಷ್ಟೇ ಇತ್ತು. ತಪ್ಪು ಮುಗಿಲಿನದಲ್ಲ.

ಅದೇ 2009ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿ. ಎಂ. ತಿವಾರಿಯವರು ಅಮೆರಿಕದ ಸಂಗಡಿಗರೊಡನೆ ಇನ್ನೂ ವಿಶಾಲವಾದ ಪ್ರದೇಶವನ್ನು, ಅಂದರೆ ಉತ್ತರ ಭಾರತ ಮತ್ತು ಅದರ ಅಕ್ಕಪಕ್ಕದ ದೇಶಗಳ ನೆಲವನ್ನು, ಸೇರಿಸಿ ಲೆಕ್ಕ ಹಾಕಿದಾಗ ನಷ್ಟ ವರ್ಷಕ್ಕೆ ಸುಮಾರು 54 ಘನ ಕಿಲೋಮೀಟರು ಎಂದು ಕಂಡಿತು. ನೆಲದ ಮೇಲೆ ಬಾವಿಗಳನ್ನು ಅಳೆಯುವ ಸರಕಾರದ ಲೆಕ್ಕವೂ ಇದನ್ನು ಅಲ್ಲಗಳೆಯುವುದಿಲ್ಲ. ಕೇಂದ್ರ ಅಂತರ್ಜಲ ಮಂಡಳಿಯ 2023ರ ವರದಿಯಂತೆ ಪಂಜಾಬಿನಲ್ಲಿ ವರ್ಷಕ್ಕೆ ತೆಗೆಯಬಹುದಾದ ನೀರು ನೂರಾದರೆ ತೆಗೆದದ್ದು ಸುಮಾರು 164. ನೂರು ರೂಪಾಯಿ ಸಂಬಳದವನು ತಿಂಗಳಿಗೆ ನೂರಾ ಅರವತ್ತನಾಲ್ಕು ಖರ್ಚು ಮಾಡಿದರೆ ಸಾಲ ಎಷ್ಟು ದಿನ ನಡೆದೀತು?

ತಪ್ಪು ಯಾರದು?

ಇಷ್ಟು ಕೇಳಿದ ಕೂಡಲೆ ಪಟ್ಟಣದ ಕೆಲವು ವಿದ್ಯಾವಂತರು ‘ರೈತರ ದುರಾಸೆ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಪುಕ್ಕಟೆ ವಿದ್ಯುತ್ತು ಕೊಟ್ಟರೆ ಹೀಗೆಯೇ ಆಗುವುದು ಎನ್ನುತ್ತಾರೆ. ಈ ತೀರ್ಪನ್ನು ನಾವು ಒಪ್ಪುವುದಿಲ್ಲ. ಪಂಜಾಬು ಮೂಲತಃ ಭತ್ತದ ನಾಡಲ್ಲ. 1960-61ರಲ್ಲಿ ಅಲ್ಲಿ ಭತ್ತ ಬೆಳೆಯುತ್ತಿದ್ದುದು ಎರಡೂಕಾಲು ಲಕ್ಷ ಹೆಕ್ಟೇರಿನಷ್ಟು ಮಾತ್ರ. ಇಂದು ಅದು ಸುಮಾರು ಮೂವತ್ತು ಲಕ್ಷ ಹೆಕ್ಟೇರು. ಇದು ರೈತನು ಒಂದು ರಾತ್ರಿ ಕಂಡ ಕನಸಲ್ಲ. ಅರವತ್ತರ ದಶಕದಲ್ಲಿ ನಮ್ಮ ದೇಶವು ಅಮೆರಿಕದ ಪಿ. ಎಲ್. 480 ಗೋಧಿಗೆ ಕೈಯೊಡ್ಡಿ ನಿಂತಿತ್ತು. ಆ ಅವಮಾನದಿಂದ ಪಾರಾಗಲು ಸರಕಾರವೇ ಹೊಸ ಬೀಜ, ಗೊಬ್ಬರ, ಕೊಳವೆ ಬಾವಿ, ಸಾಲ ಎಲ್ಲವನ್ನೂ ಪಂಜಾಬಿಗೆ ಒಯ್ದಿತು. ಗೋಧಿ ಮತ್ತು ಭತ್ತವನ್ನು ಖಚಿತ ಬೆಲೆಗೆ ಕೊಳ್ಳುವೆನೆಂದು ಮಾತು ಕೊಟ್ಟಿತು. ಬೇಳೆಗೂ ಜೋಳಕ್ಕೂ ಎಣ್ಣೆಕಾಳಿಗೂ ಬೆಲೆ ಸಾರಿತಾದರೂ ಕೊಳ್ಳುವವರು ಬರಲಿಲ್ಲ. 1997ರಲ್ಲಿ ಪಂಪುಗಳಿಗೆ ವಿದ್ಯುತ್ತು ಉಚಿತವಾಯಿತು. ಕೊಳ್ಳುವವನಿರುವ ಬೆಳೆಯನ್ನು ರೈತ ಬೆಳೆದ. ಅದು ದುರಾಸೆಯಲ್ಲ, ಬದುಕು.

ಇನ್ನೊಂದು ಮಾತನ್ನೂ ನಾವು ನೆನೆಯಬೇಕು. ಆ ಭತ್ತವನ್ನು ಪಂಜಾಬಿನವರು ಉಂಡದ್ದು ಕಡಿಮೆ. ಅವರ ಊಟ ರೊಟ್ಟಿ. ಅಕ್ಕಿ ಕೇಂದ್ರದ ಉಗ್ರಾಣ ಸೇರಿ, ರೈಲು ಹತ್ತಿ, ದೇಶದ ಮೂಲೆ ಮೂಲೆಯ ನ್ಯಾಯಬೆಲೆ ಅಂಗಡಿಗಳಿಗೆ ಹೋಯಿತು. ಒಂದು ಕಿಲೋ ಅಕ್ಕಿ ಬೆಳೆಯಲು ಸಾವಿರಾರು ಲೀಟರು ನೀರು ಬೇಕು. ಹಾಗಾಗಿ ಸಟ್ಲೆಜ್ ತೀರದ ನೆಲದಾಳದ ನೀರು ಚೀಲಗಳಲ್ಲಿ ತುಂಬಿ ದೇಶವೆಲ್ಲ ಹಂಚಿಹೋಯಿತು ಎಂದರೆ ಉತ್ಪ್ರೇಕ್ಷೆಯಲ್ಲ. ಉಂಡವರು ನಾವೆಲ್ಲರೂ, ಬಾವಿ ಬತ್ತಿದ್ದು ಅವರದು. ಈ ಋಣವನ್ನು ಒಪ್ಪಿಕೊಳ್ಳದೆ ಬುದ್ಧಿವಾದ ಹೇಳಲು ಹೊರಡುವುದು ಕೃತಘ್ನತೆ.

ಪಂಜಾಬ್ ಸರಕಾರ 2009ರಲ್ಲಿ ಒಂದು ಶಾಸನ ಮಾಡಿ, ಜೂನ್ 10ಕ್ಕೆ ಮೊದಲು ಭತ್ತದ ನಾಟಿ ಮಾಡಕೂಡದೆಂದು ವಿಧಿಸಿತು. ಉರಿಬಿಸಿಲಿನಲ್ಲಿ ಗದ್ದೆಗೆ ನೀರು ನಿಲ್ಲಿಸುವುದು ತಪ್ಪಲಿ ಎಂಬುದು ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ನಾಟಿ ತಡವಾದಂತೆ ಕೊಯಿಲೂ ತಡವಾಯಿತು, ಗೋಧಿ ಬಿತ್ತನೆಗೆ ದಿನ ಉಳಿಯದಂತಾಗಿ ಕೂಳೆ ಸುಡುವ ಹೊಗೆ ದಿಲ್ಲಿಯನ್ನು ಮುಸುಕುವ ಚಳಿಗಾಲಕ್ಕೆ ಸರಿದು ಹೆಚ್ಚಿತೆಂದು ಅಧ್ಯಯನಗಳು ಹೇಳುತ್ತವೆ. ಬೆಲೆಯ ವ್ಯವಸ್ಥೆಯನ್ನು ಮುಟ್ಟದೆ ದಿನಾಂಕವನ್ನು ಮಾತ್ರ ತಿದ್ದಿದರೆ ಹೀಗಾಗುತ್ತದೆ. ಹರಕು ಒಂದು ಕಡೆ ಹೊಲಿದರೆ ಮತ್ತೊಂದು ಕಡೆ ಬಿಚ್ಚುತ್ತದೆ.

ದಕ್ಷಿಣದ ಒಗಟು

ಈಗ ನಮ್ಮ ಮನೆಯ ಬಾಗಿಲಿಗೆ ಬರೋಣ. 2017ರಲ್ಲಿ ಗಾಂಧಿನಗರದ ಐಐಟಿಯ ವಿಜ್ಞಾನಿಗಳು ಹೊರದೇಶದ ಸಂಗಡಿಗರೊಡನೆ ಮತ್ತೊಂದು ಅಧ್ಯಯನ ಪ್ರಕಟಿಸಿದರು. ಉಪಗ್ರಹದ ತೂಕವನ್ನೂ ಬಾವಿಗಳ ಮಟ್ಟವನ್ನೂ ಹೋಲಿಸಿ ನೋಡಿದಾಗ, 2002ರಿಂದ 2013ರ ನಡುವೆ ಉತ್ತರ ಭಾರತದ ಅಂತರ್ಜಲ ಕುಸಿದಿದೆ, ಆದರೆ ದಕ್ಷಿಣ ಭಾರತದ್ದು ಏರಿದೆ ಎಂದು ಅವರಿಗೆ ಕಂಡಿತು. ಮಳೆಯಲ್ಲಾದ ಬದಲಾವಣೆಯೇ ಇದಕ್ಕೆ ಮುಖ್ಯ ಕಾರಣವೆಂದರು.

ಏರಿದೆಯೆ? ಕೋಲಾರದ, ಚಿಕ್ಕಬಳ್ಳಾಪುರದ ರೈತನನ್ನು ಕೇಳಿದರೆ ಏನೆಂದಾನು? ಅವನ ಅಜ್ಜ ತೋಡಿದ ತೆರೆದ ಬಾವಿಯಲ್ಲಿ ಈಗ ಹುತ್ತ ಬೆಳೆದಿದೆ. ಅಪ್ಪ ಕೊರೆಸಿದ ಇನ್ನೂರು ಅಡಿಯ ಕೊಳವೆ ಬಾವಿಗೆ ಕಲ್ಲು ಮುಚ್ಚಿದೆ. ಅವನು ಸಾವಿರ ಅಡಿ ದಾಟಿದ್ದಾನೆ. ವಿಜ್ಞಾನಿ ಸುಳ್ಳು ಹೇಳಿದನೆ, ರೈತ ಸುಳ್ಳು ಹೇಳಿದನೆ?

ಇಬ್ಬರೂ ಸುಳ್ಳು ಹೇಳಿಲ್ಲ. ಈ ಒಗಟನ್ನು ಬಿಡಿಸಲು ಯತ್ನಿಸಿದವರಲ್ಲಿ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ವೀಣಾ ಶ್ರೀನಿವಾಸನ್ ಅವರೂ, ಅವರೊಡನೆ ತೇಜಸ್ವಿ ಹೋರಾ, ನಂದಿತಾ ಬಸು ಎಂಬವರೂ ಇದ್ದಾರೆ. 2019ರಲ್ಲಿ ಅವರು ತೋರಿಸಿದ ಸಂಗತಿ ಸರಳ, ಆದರೆ ಕಣ್ಣು ತೆರೆಸುವಂಥದು. ಸರಕಾರವು ಅಳೆಯುವ ಬಾವಿಗಳಲ್ಲಿ ಯಾವುದಾದರೂ ಒಣಗಿಹೋದರೆ ಅದರ ಮುಂದೆ ಅಂಕಿ ಬರೆಯುವಂತಿಲ್ಲ, ಖಾಲಿ ಬಿಡುತ್ತಾರೆ. ಅಂಕಿಗಳು ಪೂರ್ತಿಯಿಲ್ಲದ ಬಾವಿಯನ್ನು ವಿಶ್ಲೇಷಣೆ ಮಾಡುವವರು ಪಟ್ಟಿಯಿಂದಲೇ ತೆಗೆದುಹಾಕುತ್ತಾರೆ. ಉಳಿಯುವುವು ನೀರಿರುವ ಬಾವಿಗಳು. ಅವುಗಳ ಸರಾಸರಿ ಚೆನ್ನಾಗಿಯೇ ಇರುತ್ತದೆ! ಹತ್ತು ಬಾವಿಗಳಲ್ಲಿ ನಾಲ್ಕು ಸತ್ತರೆ, ಆರರ ಆರೋಗ್ಯ ನೋಡಿ ‘ಊರು ಸುಖವಾಗಿದೆ’ ಎಂದು ಬರೆದಂತೆ. ಬರಗಾಲದಲ್ಲಿ ಸತ್ತವರನ್ನು ಬಿಟ್ಟು ಬದುಕಿದವರನ್ನು ಮಾತ್ರ ತೂಗಿ, ಹಸಿವಿರಲಿಲ್ಲ ಎಂದು ಹೇಳಿದಂತೆ.

ಉಪಗ್ರಹದ ತಕ್ಕಡಿಗೂ ತನ್ನದೇ ಆದ ಮಿತಿಯಿದೆ. ಅದು ತೂಗಬಲ್ಲದ್ದು ಉದ್ದಗಲಕ್ಕೆ ಮುನ್ನೂರು ನಾನೂರು ಕಿಲೋಮೀಟರಿನಷ್ಟು ದೊಡ್ಡ ಪ್ರದೇಶವನ್ನು. ಒಂದು ತಾಲೂಕು, ಒಂದು ಹೋಬಳಿ ಅದರ ಕಣ್ಣಿಗೆ ಬೀಳುವುದಿಲ್ಲ. ಅಕ್ಕಿಯ ಮೂಟೆ ತೂಗುವ ತಕ್ಕಡಿಯಲ್ಲಿ ಮೂಗುತಿಯ ಚಿನ್ನ ತೂಗಲಾದೀತೆ? ಮಲೆನಾಡಿನಲ್ಲಿ ಸುರಿದ ಮಳೆ, ತುಂಬಿದ ಜಲಾಶಯ, ಬಯಲುಸೀಮೆಯ ಒಣಗಿದ ಬಾವಿ ಎಲ್ಲವೂ ಒಂದೇ ತಟ್ಟೆಯಲ್ಲಿ ಕೂಡಿ ಒಂದು ಅಂಕಿಯಾಗಿ ಬರುತ್ತವೆ. ಅಷ್ಟೇ ಅಲ್ಲದೆ ಲೆಕ್ಕ ಪ್ರಾರಂಭವಾದ 2002 ಮತ್ತು 2003 ನಮ್ಮ ರಾಜ್ಯದಲ್ಲಿ ಘೋರ ಬರದ ವರ್ಷಗಳು. ತಗ್ಗಿನಲ್ಲಿ ನಿಂತು ಅಳೆಯಲು ತೊಡಗಿದವನಿಗೆ ಸಮತಟ್ಟು ನೆಲವೂ ಏರಾಗಿಯೇ ಕಾಣುತ್ತದೆ.

ಅದಕ್ಕಿಂತ ಮುಖ್ಯವಾದದ್ದು ನಮ್ಮ ನೆಲದ ಗುಣ. ಪಂಜಾಬಿನ ನೆಲ ನದಿಗಳು ತಂದು ಹಾಕಿದ ಮರಳು ಮಣ್ಣಿನದು, ನೂರಾರು ಅಡಿ ಆಳದವರೆಗೆ ನೀರು ತುಂಬಿಕೊಳ್ಳಬಲ್ಲದು. ಅಲ್ಲಿ ನೀರಿನ ಮಟ್ಟ ಹತ್ತು ಮೀಟರು ಇಳಿದರೆ ಒಂದು ಮೀಟರಿಗೂ ಮಿಕ್ಕ ಎತ್ತರದ ನೀರು ಹೋದಂತೆ. ಕರ್ನಾಟಕದ ಬಹುಭಾಗದಲ್ಲಿ ನೆಲದಡಿ ಇರುವುದು ಗಟ್ಟಿ ಬಂಡೆ. ಮೇಲಿನ ಶಿಥಿಲವಾದ ಪದರದಲ್ಲಿ, ಬಂಡೆಯ ಬಿರುಕುಗಳಲ್ಲಿ ನಿಂತಷ್ಟೇ ನೀರು, ನೂರಕ್ಕೆ ಒಂದೆರಡು ಪಾಲು. ಇಲ್ಲಿ ಹತ್ತು ಮೀಟರು ಇಳಿದರೆ ಹೋಗುವುದು ಹತ್ತಿಪ್ಪತ್ತು ಸೆಂಟಿಮೀಟರು ನೀರು. ಆಕಾಶದ ತಕ್ಕಡಿಗೆ ಅದು ಸಣ್ಣ ಅಲುಗಾಟ. ಆದರೆ ಆ ಸಣ್ಣ ಅಲುಗಾಟದಲ್ಲಿ ಒಂದು ಹಳ್ಳಿಯ ಬಾವಿಗಳೆಲ್ಲ ಬತ್ತಿಹೋಗಬಹುದು. ಶ್ರೀಮಂತನ ಗಲ್ಲಾದಿಂದ ಸಾವಿರ ಹೋದರೆ ಲೆಕ್ಕ ಪುಸ್ತಕದಲ್ಲಿ ದೊಡ್ಡದಾಗಿ ಕಾಣುತ್ತದೆ. ಬಡವನ ಗಂಟಿನಿಂದ ಹತ್ತು ಹೋದರೆ ಕಾಣುವುದಿಲ್ಲ, ಆದರೆ ಅಂದು ಅವನ ಮನೆಯಲ್ಲಿ ಒಲೆ ಹತ್ತುವುದಿಲ್ಲ.

ಆದಕಾರಣ ‘ಉಪಗ್ರಹವೇ ಹೇಳಿದೆ, ನಮ್ಮಲ್ಲಿ ನೀರಿಗೆ ಕೊರತೆಯಿಲ್ಲ’ ಎಂದು ಯಾವನಾದರೂ ಅಧಿಕಾರಿ ಬರಪರಿಹಾರದ ಅರ್ಜಿಯನ್ನು ತಳ್ಳಿಹಾಕಲು ಬಂದರೆ ನಮ್ಮ ರೈತರು ಕೇಳಬೇಕಾದ ಪ್ರಶ್ನೆ ಒಂದೇ: ಸ್ವಾಮಿ, ತಮ್ಮ ಪಟ್ಟಿಯಲ್ಲಿ ಒಣಗಿದ ಬಾವಿಗಳು ಎಷ್ಟಿವೆ?

ನೆಲಕ್ಕೆ ಮಿತಿ ಹಾಕಿದೆವು, ನೀರಿಗೆ?

ಇಷ್ಟೆಲ್ಲ ಲೆಕ್ಕದ ಹಿಂದೆ ಇರುವುದು ಒಡೆತನದ ಪ್ರಶ್ನೆ. ನೆಲದ ಒಡೆಯನೇ ಅದರಡಿಯ ನೀರಿಗೂ ಒಡೆಯ ಎಂಬುದು ಬ್ರಿಟಿಷರ ಕಾಲದಿಂದ ಬಂದ ನ್ಯಾಯ. 1882ರ ಈಸ್‌ಮೆಂಟ್ ಕಾಯಿದೆಯಲ್ಲಿ ಅದರ ಬೇರಿದೆ. ನೀರಿಗೆ ಮಾತ್ರ ಸರ್ವೆ ಕಲ್ಲು ತಿಳಿಯದು. ಎರಡೆಕರೆಯವನ ಮುನ್ನೂರು ಅಡಿಯ ಬಾವಿಯ ಪಕ್ಕದಲ್ಲಿ ಇಪ್ಪತ್ತೆಕರೆಯವನು ಒಂಬೈನೂರು ಅಡಿ ಕೊರೆಸಿದರೆ, ಎರಡೆಕರೆಯವನ ನೀರು ಕಳ್ಳತನವಾದಂತೆಯೇ ಸರಿ. ಆದರೆ ಈ ಕಳ್ಳತನಕ್ಕೆ ಠಾಣೆಯಲ್ಲಿ ದೂರು ಬರೆದುಕೊಳ್ಳುವವರಿಲ್ಲ. ಆಳಕ್ಕೆ ಹೋಗುವ ಈ ಪಂದ್ಯದಲ್ಲಿ ಗೆಲ್ಲುವವನು ಹಣವಿದ್ದವನು, ಮೊದಲು ಸೋಲುವವನು ಸಣ್ಣ ಹಿಡುವಳಿದಾರ. ಅವನಿಗಿಂತ ಕೆಳಗೆ, ನೆಲವೇ ಇಲ್ಲದ ಕೂಲಿಯವನಿಗೆ ಕಾಯಿದೆಯ ಪ್ರಕಾರ ಪಾತಾಳದಲ್ಲಿ ಒಂದು ಚೊಂಬು ನೀರಿನ ಹಕ್ಕೂ ಇಲ್ಲ. ಅವನ ಹೆಂಡತಿ ಕೊಡ ಹಿಡಿದು ಟ್ಯಾಂಕರಿನ ಸಾಲಿನಲ್ಲಿ ನಿಂತಿರುತ್ತಾಳೆ.

ನಮ್ಮ ರಾಜ್ಯದಲ್ಲಿ ಗೇಣಿದಾರರು ಹೋರಾಡಿದರು. 1951ರಲ್ಲಿ ಕಾಗೋಡಿನಲ್ಲಿ ಹೊತ್ತಿದ ಕಿಡಿ 1974ರ ಭೂಸುಧಾರಣಾ ತಿದ್ದುಪಡಿಯವರೆಗೆ ಬಂದಿತು. ಉಳುವವನಿಗೆ ನೆಲ ಸಿಕ್ಕಿತು, ಎಷ್ಟು ಎಕರೆ ಇಟ್ಟುಕೊಳ್ಳಬಹುದೆಂಬ ಮಿತಿಯೂ ಬಂದಿತು. ಆದರೆ ಎಷ್ಟು ಅಡಿ ಕೊರೆಯಬಹುದು, ಎಷ್ಟು ನೀರು ಎಳೆಯಬಹುದು ಎಂಬುದಕ್ಕೆ ಮಿತಿ ಬರಲಿಲ್ಲ. ಅಗಲಕ್ಕೆ ಬೇಲಿ ಹಾಕಿ ಆಳವನ್ನು ಬಯಲು ಬಿಟ್ಟೆವು. ನೀರಿಲ್ಲದ ಎರಡೆಕರೆಯನ್ನು ಕೈಯಲ್ಲಿ ಹಿಡಿದ ಉಳುವವನ ಮಗ ಇಂದು ಬೆಂಗಳೂರಿನ ಕಟ್ಟಡಗಳಲ್ಲಿ ಗಾರೆ ಹೊರುತ್ತಿದ್ದಾನೆ. 2011ರಲ್ಲಿ ಅಂತರ್ಜಲ ನಿಯಂತ್ರಣಕ್ಕೆಂದು ರಾಜ್ಯದಲ್ಲಿ ಒಂದು ಕಾಯಿದೆ ಆಯಿತು. ಅಧಿಸೂಚಿತ ಪ್ರದೇಶಗಳಲ್ಲಿ ಬಾವಿ ಕೊರೆಯಲು ಅಪ್ಪಣೆ ಬೇಕೆಂದು ಅದು ಹೇಳುತ್ತದೆ. ಅಪ್ಪಣೆ ಚೀಟಿಯಿಂದ ಹೊಸ ಬಾವಿಯನ್ನು ತಡೆಯಬಹುದು. ಇರುವ ನೀರನ್ನು ಹಂಚುವುದಕ್ಕೆ ಅಪ್ಪಣೆ ಚೀಟಿ ಸಾಲದು. ಮೊದಲೇ ಆಳಕ್ಕೆ ಹೋಗಿ ಕುಳಿತವನಿಗೆ ಅದು ರಕ್ಷೆಯೇ ಆದೀತು.

ನಮ್ಮ ಹಿರಿಯರು ಕೆರೆಗೆ ಒಬ್ಬ ನೀರುಗಂಟಿಯನ್ನು ಇಟ್ಟಿದ್ದರು. ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಎಂಬುದನ್ನು ಅವನು ನೋಡಿಕೊಳ್ಳುತ್ತಿದ್ದ. ಆ ಹಳೆಯ ವ್ಯವಸ್ಥೆ ಸಮಾನತೆಯದಾಗಿತ್ತೆಂದು ನಾವು ಹೇಳುವುದಿಲ್ಲ. ಹೊಲಗೇರಿಯ ಜನರನ್ನು ಆ ಕೆರೆಯ ಮೆಟ್ಟಿಲಿಗೂ ಬಿಡದಿದ್ದ ಊರುಗಳು ಎಷ್ಟೋ ಇದ್ದವು. ಆದರೆ ನೀರು ಒಬ್ಬನದಲ್ಲ, ಅದನ್ನು ಹಂಚಲು ಒಬ್ಬ ಬೇಕು ಎಂಬ ವಿವೇಕವಾದರೂ ಅದರಲ್ಲಿತ್ತು. ಕೊಳವೆ ಬಾವಿ ಬಂದಾಗ ಆ ವಿವೇಕವೂ ಹೋಯಿತು. ಪಾತಾಳದ ಕೆರೆಗೆ ನೀರುಗಂಟಿಯಿಲ್ಲ.

ಕಾವೇರಿಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ತಮಿಳುನಾಡಿನ ನೆಲದಡಿಯಲ್ಲಿರುವ ನೀರಿನಲ್ಲಿ 10 ಟಿಎಂಸಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಅಂತರ್ಜಲವೂ ಹಂಚಿಕೆಯ ನೀರೇ ಎಂಬ ತತ್ತ್ವಕ್ಕೆ ಎರಡು ರಾಜ್ಯಗಳ ನಡುವೆ ಅಷ್ಟರ ಮಟ್ಟಿಗೆ ಮನ್ನಣೆ ಸಿಕ್ಕಂತಾಯಿತು. ರಾಜ್ಯ ರಾಜ್ಯಗಳ ನಡುವೆ ನ್ಯಾಯವಾದದ್ದು ಇಪ್ಪತ್ತೆಕರೆಯವನ ಮತ್ತು ಎರಡೆಕರೆಯವನ ನಡುವೆ ಅನ್ಯಾಯ ಹೇಗಾದೀತು?

ಆಗಬೇಕಾದ್ದು

ಮೊದಲನೆಯದಾಗಿ, ಪ್ರತಿ ಪಂಚಾಯಿತಿಯಲ್ಲಿ ಸತ್ತ ಬಾವಿಗಳ ದಾಖಲೆ ಇಡಬೇಕು. ಯಾವ ವರ್ಷ ಕೊರೆದದ್ದು, ಎಷ್ಟು ಅಡಿ, ಯಾವ ವರ್ಷ ಬತ್ತಿತು, ಎಷ್ಟು ಸಾಲ ಉಳಿಯಿತು ಎಂಬುದೆಲ್ಲ ಅದರಲ್ಲಿರಬೇಕು. ಜನನ ಮರಣದ ಲೆಕ್ಕ ಇಡುವ ಸರಕಾರ ಬಾವಿಯ ಮರಣದ ಲೆಕ್ಕ ಇಡಲಾರದೆ? ಈ ದಾಖಲೆಯಿಲ್ಲದೆ ಯಾವ ಸರಾಸರಿಯನ್ನೂ ನಂಬಲಾಗದು.

ಎರಡನೆಯದಾಗಿ, ಅಳತೆಯ ಕೆಲಸ ಹಳ್ಳಿಯವರ ಕೈಗೆ ಬರಬೇಕು. ಇದು ಬರಿಯ ಆದರ್ಶದ ಮಾತಲ್ಲ. ಅವಿಭಜಿತ ಆಂಧ್ರಪ್ರದೇಶದ ಏಳು ಬರಪೀಡಿತ ಜಿಲ್ಲೆಗಳಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ರೈತರೇ ಮಳೆ ಅಳೆದರು, ಬಾವಿಯ ಮಟ್ಟ ಅಳೆದರು, ಹಿಂಗಾರಿಗೆ ಮೊದಲು ಊರ ನೀರಿನ ಆಯವ್ಯಯವನ್ನು ಗೋಡೆಯ ಮೇಲೆ ಬರೆದು, ಯಾವ ಬೆಳೆ ಎಷ್ಟು ಹಾಕಬೇಕೆಂದು ಕೂತು ಚರ್ಚಿಸಿದರು. ಹೆಚ್ಚು ಓದಿರದ ಗಂಡಸರು ಹೆಂಗಸರು ಮಾಡಿದ ಕೆಲಸ ಅದು. 2019ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಅಟಲ್ ಭೂಜಲ ಯೋಜನೆಯನ್ನು ಏಳು ರಾಜ್ಯಗಳಿಗೆಂದು ಪ್ರಾರಂಭಿಸಿದಾಗ ಕರ್ನಾಟಕವೂ ಅದರಲ್ಲಿ ಸೇರಿತ್ತು. ಪಂಚಾಯಿತಿ ಮಟ್ಟದ ಜಲಯೋಜನೆ ಎಂಬ ಮಾತು ಅದರಲ್ಲಿತ್ತು. ಅಂತಹ ಯೋಜನೆಗಳು ಗುಮಾಸ್ತರ ಕಡತದಲ್ಲಿ ಉಳಿಯದೆ ಗ್ರಾಮಸಭೆಯ ಗೋಡೆಯ ಮೇಲೆ ಬರಬೇಕು. ಉಪಗ್ರಹದ ಅಂಕಿಗಳು ಜಗತ್ತಿನ ಯಾರು ಬೇಕಾದರೂ ಪುಕ್ಕಟೆಯಾಗಿ ಪಡೆಯುವಂತೆ ಪ್ರಕಟವಾಗುತ್ತಿರುವಾಗ, ನಮ್ಮ ಊರ ಬಾವಿಯ ಅಂಕಿ ನಮ್ಮ ಊರಿಗೆ ಗುಟ್ಟಾಗಿರುವುದು ನಾಚಿಕೆಗೇಡು.

ಮೂರನೆಯದಾಗಿ, ಕಡಿಮೆ ನೀರಿನ ಬೆಳೆಗೆ ಬೆಲೆ ಮಾತ್ರವಲ್ಲ, ಕೊಳ್ಳುವ ಕೈಯೂ ಬೇಕು. ನಮ್ಮ ರಾಜ್ಯದಲ್ಲಿ ರಾಗಿ, ಜೋಳಗಳನ್ನು ಕೊಂಡು ನ್ಯಾಯಬೆಲೆ ಅಂಗಡಿಯಲ್ಲಿ ಹಂಚುವ ದಾರಿ ಈಗಾಗಲೇ ಇದೆ. ಅದನ್ನು ಅಗಲ ಮಾಡಬೇಕು, ತೊಗರಿ, ಅವರೆ, ಹುರುಳಿಗಳನ್ನೂ ಸೇರಿಸಬೇಕು. ಪಂಜಾಬಿನ ಪಾಠವೇ ಇದು: ರೈತನು ಸರಕಾರ ಕೊಳ್ಳುವುದನ್ನು ಬೆಳೆಯುತ್ತಾನೆ. ಪಂಪ್‌ಸೆಟ್ಟಿನ ಉಚಿತ ವಿದ್ಯುತ್ತನ್ನು ಕಿತ್ತುಕೊಳ್ಳುವುದರಿಂದ ತೊಡಗುವ ಸುಧಾರಣೆಯು ಸಣ್ಣ ರೈತನನ್ನು ಮೊದಲು ಕೊಲ್ಲುತ್ತದೆ. ಬೇರೆ ಬೆಳೆಗೆ ಭರವಸೆ ಕೊಡುವುದರಿಂದ ಸುಧಾರಣೆ ತೊಡಗಲಿ.

ನಾಲ್ಕನೆಯದಾಗಿ, ನೆಲದಾಳದ ನೀರು ಸಾರ್ವಜನಿಕ ಸ್ವತ್ತು ಎಂದು ಕಾಯಿದೆಯಲ್ಲಿ ಬರೆಯಬೇಕು. ಕುಡಿಯುವ ನೀರು ಮೊದಲು, ಸಣ್ಣ ಹಿಡುವಳಿಯ ಬೆಳೆ ನಂತರ, ಉಳಿದದ್ದು ಆಮೇಲೆ. ಕೊಳವೆ ಬಾವಿ ಕೊರೆದು ಟ್ಯಾಂಕರಿನಲ್ಲಿ ಮಾರುವವರಿಗೂ, ಬಾಟಲಿಯಲ್ಲಿ ತುಂಬುವ ಕಂಪನಿಗಳಿಗೂ, ನೂರಾರು ಮನೆಗಳ ಬಡಾವಣೆ ಕಟ್ಟುವವರಿಗೂ ಮಿತಿ ಹಾಕದೆ ರೈತನೊಬ್ಬನಿಗೆ ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ. ಒಬ್ಬೊಬ್ಬನಿಗೆ ಒಂದೊಂದು ಬಾವಿಯೆಂಬ ಹುಚ್ಚು ಬಿಟ್ಟು ನಾಲ್ಕಾರು ಸಣ್ಣ ರೈತರು ಕೂಡಿ ಹಂಚಿಕೊಳ್ಳುವ ಬಾವಿಗೆ ಸರಕಾರ ಸಾಲವನ್ನೂ ಸಹಾಯಧನವನ್ನೂ ಮೊದಲು ಕೊಡಬೇಕು.

ಇವು ಸುಲಭವಾಗಿ ಆಗುವ ಕೆಲಸಗಳಲ್ಲ ಎಂಬುದು ನಮಗೆ ಗೊತ್ತು. ಆಳದ ಬಾವಿಗಳ ಒಡೆಯರೇ ವಿಧಾನಸಭೆಯಲ್ಲಿ ಕುಳಿತಿರುವಾಗ ಆಳಕ್ಕೆ ಮಿತಿ ಹಾಕುವ ಕಾಯಿದೆ ತಾನಾಗಿ ಬರುವುದಿಲ್ಲ. ನೆಲದ ಮಿತಿಯೂ ತಾನಾಗಿ ಬಂದಿರಲಿಲ್ಲ. ಗೇಣಿದಾರರು ಜೈಲಿಗೆ ಹೋದ ಮೇಲೆ ಬಂದಿತು.

ಐನೂರು ಕಿಲೋಮೀಟರು ಮೇಲೆ ಎರಡು ಸಣ್ಣ ಯಂತ್ರಗಳು ರಾತ್ರಿ ಹಗಲು ಸುತ್ತುತ್ತ ನಮ್ಮ ನೆಲವನ್ನು ತೂಗುತ್ತಿವೆ. ಅವುಗಳಿಗೆ ಜಾತಿ ಗೊತ್ತಿಲ್ಲ, ಪಕ್ಷ ಗೊತ್ತಿಲ್ಲ, ಲಂಚ ಗೊತ್ತಿಲ್ಲ. ಎಷ್ಟು ನೀರು ಹೋಯಿತೆಂದು ಅವು ಹೇಳುತ್ತವೆ. ಯಾರ ಬಾವಿಯಿಂದ ಹೋಯಿತು, ಯಾರ ಗದ್ದೆಗೆ ಹೋಯಿತು ಎಂಬುದನ್ನು ಅವು ಹೇಳಲಾರವು. ಅದನ್ನು ಹೇಳಬೇಕಾದವರು, ಕೇಳಬೇಕಾದವರು ನಾವು. ತೂಗುವ ಕೆಲಸವನ್ನು ವಿಜ್ಞಾನಿಗಳು ಮಾಡಿದ್ದಾರೆ. ಹಂಚುವ ಕೆಲಸ ಜನರದು. ಬರುವ ಗ್ರಾಮಸಭೆಯಲ್ಲಿ, ನಮ್ಮ ಜಿಲ್ಲೆಯ ಪ್ರತಿ ಊರಿನಲ್ಲಿ, ಯಾರಾದರೂ ಒಬ್ಬರು ಎದ್ದು ನಿಂತು ಒಣಗಿದ ಬಾವಿಗಳ ಪಟ್ಟಿಯನ್ನು ಓದಲಿ. ಅಲ್ಲಿಂದ ಲೆಕ್ಕ ಪ್ರಾರಂಭವಾಗಲಿ.